ಕೊಯಾಸಾನ್ ಬೆಟ್ಟದ ದೇಗುಲದಲ್ಲಿ ಒಂದು ರಾತ್ರಿ: ಬುಕಿಂಗ್‌ನಿಂದ ಬೆಳಗಿನ ಪೂಜೆಯವರೆಗೆ, ಹಂತ ಹಂತವಾಗಿ

ಜಪಾನಿಗೆ ಹೋಗುವ ನಮ್ಮವರಲ್ಲಿ ಸುಮಾರು ಜನ ಕೊಯಾಸಾನ್ ಬೆಟ್ಟದ ಬೌದ್ಧ ದೇಗುಲದಲ್ಲಿ ಒಂದು ರಾತ್ರಿ ಉಳಿಯಬೇಕು ಅಂತ ಆಸೆ ಪಡುತ್ತಾರೆ. ಹೋಗಿ ಬಂದವರು ಹೇಳುವ ಬೇಜಾರಿನ ಕಥೆಯೂ ಹೆಚ್ಚುಕಡಿಮೆ ಒಂದೇ. ಸಂಜೆ ಆರೂವರೆಗೆ ತಲುಪಿದರು, ಊಟದ ಹೊತ್ತು ಮುಗಿದಿತ್ತು, ಊರಿನ ಅಂಗಡಿಗಳೆಲ್ಲ ಮುಚ್ಚಿದ್ದವು. ಸ್ನಾನದ ಮನೆ ನೋಡಿ ಗಾಬರಿಯಾಗಿ ಹಿಂದೆ ಬಂದರು. ಬೆಳಗಿನ ಪೂಜೆಗೆ ಎಚ್ಚರವಾಗಲಿಲ್ಲ. ಅಷ್ಟು ದುಡ್ಡು ಕೊಟ್ಟು ಹಾಸಿಗೆಯಲ್ಲಿ ಮಲಗಿ ಎದ್ದು ಬಂದ ಹಾಗಾಯಿತು.

ನಾನೂ ಮೊದಲ ಸಲ ಇದೇ ತಪ್ಪು ಮಾಡಿದೆ. ಐದೂಮುಕ್ಕಾಲಿಗೆ ಬಾಗಿಲಲ್ಲಿ ನಿಂತಾಗ ಒಬ್ಬ ಚಿಕ್ಕ ವಯಸ್ಸಿನ ಸನ್ಯಾಸಿ ನನ್ನ ಚೀಲ ತೆಗೆದುಕೊಂಡು ಓಡುನಡಿಗೆಯಲ್ಲಿ ಕೋಣೆಗೆ ಕರೆದುಕೊಂಡು ಹೋದರು. ನನ್ನ ತಟ್ಟೆಗಳು ಆಗಲೇ ಬಂದು ಕೂತಿದ್ದವು. ಸಾರು ತಣ್ಣಗಾಗಿತ್ತು. ಅವರೇ ತಲೆಬಾಗಿ ಕ್ಷಮೆ ಕೇಳಿದರು. ತಪ್ಪು ನನ್ನದು, ಕ್ಷಮೆ ಅವರದು. ಆ ಮುಜುಗರ ನನಗೆ ಇನ್ನೂ ಹೋಗಿಲ್ಲ.

ದೇಗುಲದ ದಿನ ಗಡಿಯಾರದ ಪ್ರಕಾರ ನಡೆಯುತ್ತದೆ, ನಮ್ಮ ಅನುಕೂಲದ ಪ್ರಕಾರ ಅಲ್ಲ. ಅದಕ್ಕೆ ಇಲ್ಲಿ ಎಲ್ಲವನ್ನೂ ಊಟದ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಹೇಳಿದ್ದೇನೆ. ಕ್ರಮ ಬದಲಾಯಿಸಬೇಡಿ.

ಶುರು ಮಾಡುವ ಮುಂಚೆ: ಹೋಗುತ್ತಿರುವುದು ಎಲ್ಲಿಗೆ?

ಕೊಯಾಸಾನ್ ಇರುವುದು ಒಸಾಕಾದ ದಕ್ಷಿಣಕ್ಕೆ, ವಾಕಾಯಾಮಾ ಪ್ರಾಂತ್ಯದಲ್ಲಿ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ, ಸುತ್ತ ಬೆಟ್ಟಗಳ ನಡುವೆ ಬಟ್ಟಲಿನಂಥ ಜಾಗ. ಕೂಕಾಯ್ ಎಂಬ ಗುರು 816ರಲ್ಲಿ ಶುರುಮಾಡಿದ ಶಿಂಗೊನ್ ಪಂಥದ ಕೇಂದ್ರ ಇದು. ನೂರಕ್ಕೂ ಹೆಚ್ಚು ದೇಗುಲಗಳಿವೆ. ಅದರಲ್ಲಿ ಸುಮಾರು ಐವತ್ತರಲ್ಲಿ ಹೊರಗಿನವರಿಗೆ ಉಳಿಯಲು ಜಾಗ ಕೊಡುತ್ತಾರೆ. ಹಾಗೆ ಉಳಿಯುವ ವ್ಯವಸ್ಥೆಗೆ ಅಲ್ಲಿ ಶುಕುಬೊ ಅನ್ನುತ್ತಾರೆ. ಈ ಪದ ನೆನಪಿಟ್ಟುಕೊಳ್ಳಿ, ಹುಡುಕುವಾಗ ಬೇಕಾಗುತ್ತದೆ.

ಶುಕುಬೊ ಅಂದರೆ ಹೋಟೆಲ್ ಅಲ್ಲ. ಮಠದಲ್ಲಿ ಉಳಿದ ಹಾಗೆ. ರೂಮ್ ಸರ್ವೀಸ್ ಇಲ್ಲ, ರಾತ್ರಿ ತಡವಾಗಿ ಬಂದರೆ ಬಾಗಿಲು ತೆಗೆಯುವವರಿಲ್ಲ. ಸಾಮಾನ್ಯವಾಗಿ ರಾತ್ರಿ ಒಂಬತ್ತರ ಹೊತ್ತಿಗೆ ಹೆಬ್ಬಾಗಿಲು ಹಾಕಿಬಿಡುತ್ತಾರೆ.

ಹಂತ 1: ಯಾವ ರಾತ್ರಿ ಅಂತ ಸರಿಯಾಗಿ ಆರಿಸಿ

ಜಪಾನಿಗೆ ಇಳಿದ ದಿನವೇ ಕೊಯಾಸಾನ್‌ಗೆ ಹೋಗಬೇಡಿ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಬೆಳಗ್ಗೆ ಆರರ ಪೂಜೆ ಅಂದರೆ ನಿಮ್ಮ ದೇಹದ ಲೆಕ್ಕದಲ್ಲಿ ರಾತ್ರಿ ಎರಡೂವರೆ. ಪೂಜೆ ತಪ್ಪಿಸಿಕೊಂಡವರಲ್ಲಿ ಬಹಳ ಜನ ಮೊದಲನೇ ಅಥವಾ ಎರಡನೇ ದಿನ ಹೋದವರು. ಮೂರನೇ ದಿನ ಕಳೆದ ಮೇಲೆ ಇಟ್ಟುಕೊಳ್ಳಿ.

ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ಎಲೆಗಳು ಕೆಂಪಾಗುವ ಕಾಲ. ನೋಡಲು ಚಂದ, ಜಾಗ ಸಿಗುವುದು ಕಷ್ಟ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನಿನವರಿಗೇ ಸಾಲುರಜೆ. ಆಗಸ್ಟ್ 13ರ ರಾತ್ರಿ ಓಕುನೊಇನ್ ಎಂಬ ಸಮಾಧಿಗಳ ಜಾಗದ ದಾರಿಯುದ್ದಕ್ಕೂ ಮೇಣದ ಬತ್ತಿ ಹಚ್ಚುವ ಹಬ್ಬವಿದೆ. ಈ ಮೂರಕ್ಕೂ ಕೆಲವು ತಿಂಗಳು ಮುಂಚೆಯೇ ಬುಕ್ ಮಾಡಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಿಮ ಬೀಳುತ್ತದೆ. ಮರದ ಕಟ್ಟಡ, ಕಾಗದದ ಬಾಗಿಲು, ಮೈಕೊರೆಯುವ ಚಳಿ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಈ ತಿಂಗಳುಗಳು ಬೇಡ. ನನ್ನನ್ನು ಕೇಳಿದರೆ ಮೇ ಎರಡನೇ ವಾರದಿಂದ ಜೂನ್ ಮೊದಲ ವಾರದವರೆಗೆ ಚೆನ್ನಾಗಿರುತ್ತದೆ. ಆಮೇಲೆ ಮಳೆ ಹಿಡಿಯುತ್ತದೆ.

ಹಂತ 2: ಬುಕ್ ಮಾಡುವಾಗಲೇ ನಾಲ್ಕು ವಿಷಯ ಬರೆದು ತಿಳಿಸಿ

ಕೊಯಾಸಾನ್ ಶುಕುಬೊ ಸಂಘದ ಮೂಲಕ ಬುಕ್ ಮಾಡಬಹುದು, ದೇಗುಲದ ಸ್ವಂತ ವೆಬ್‌ಸೈಟ್‌ನಲ್ಲಿ ಮಾಡಬಹುದು, ಮಾಮೂಲಿ ಹೋಟೆಲ್ ಬುಕಿಂಗ್ ಆ್ಯಪ್‌ಗಳಲ್ಲೂ ಹಲವು ಸಿಗುತ್ತವೆ. ಯಾವುದರಲ್ಲಿ ಮಾಡಿದರೂ ದೇಗುಲಕ್ಕೆ ಒಂದು ಸಂದೇಶ ಕಳಿಸಿ, ಉತ್ತರ ಬರುವವರೆಗೆ ಕಾಯಿರಿ.

ಮೊದಲನೆಯದು, ತಲುಪುವ ಗಂಟೆ. ಎರಡನೆಯದು, ಊಟದಲ್ಲಿ ಏನಾಗುವುದಿಲ್ಲ ಅನ್ನುವುದು. ಮೂರನೆಯದು, ನೆಲದ ಮೇಲೆ ಕೂರಲು ಆಗದವರು ಇದ್ದರೆ ಅದು. ನಾಲ್ಕನೆಯದು, ಕೋಣೆಗೆ ಸೇರಿದ ಶೌಚಾಲಯ ಬೇಕೋ, ಸಾಮಾನ್ಯದ್ದಾದರೂ ನಡೆಯುತ್ತದೋ. ಎಷ್ಟೋ ದೇಗುಲಗಳಲ್ಲಿ ಶೌಚಾಲಯ ಹಜಾರದ ಕೊನೆಯಲ್ಲಿರುತ್ತದೆ. ರಾತ್ರಿ ಎರಡು ಸಲ ಏಳುವ ಹಿರಿಯರಿಗೆ ಇದು ದೊಡ್ಡ ವಿಷಯ.

ಊಟದ ಬಗ್ಗೆ ನಮ್ಮ ಸಸ್ಯಾಹಾರಿಗಳು ಸುಮ್ನೆ ಹೆದರುತ್ತಾರೆ. ಜಪಾನಿನಲ್ಲಿ ನಮಗೆ ಕಣ್ಣುಮುಚ್ಚಿ ತಿನ್ನಬಹುದಾದ ಜಾಗ ಅಂತ ಇದ್ದರೆ ಇದೇ. ಇಲ್ಲಿ ಬಡಿಸುವುದು ಶೋಜಿನ್ ರ್ಯೋರಿ, ಅಂದರೆ ಸನ್ಯಾಸಿಗಳ ಅಡುಗೆ. ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹೊರಗಿನ ಹೋಟೆಲ್‌ಗಳಲ್ಲಿ ತರಕಾರಿ ಸಾರಿಗೂ ಒಣಮೀನಿನ ರಸ ಹಾಕುತ್ತಾರೆ. ಇಲ್ಲಿ ಅದರ ಬದಲು ಕೊಂಬು ಎಂಬ ಸಮುದ್ರದ ಸೊಪ್ಪು ಮತ್ತು ಒಣ ಅಣಬೆ ನೆನೆಸಿದ ನೀರು ಬಳಸುತ್ತಾರೆ.

ಆದರೆ ಗೆಡ್ಡೆ ಗೆಣಸು ಧಾರಾಳವಾಗಿ ಇರುತ್ತದೆ. ಮೂಲಂಗಿ, ಕಮಲದ ಗೆಡ್ಡೆ, ಕ್ಯಾರೆಟ್ ಇಲ್ಲದ ಊಟವೇ ಇಲ್ಲ. ಜೈನರು ಮತ್ತು ಅಣಬೆ ತಿನ್ನದವರು ತಪ್ಪದೆ ಮೊದಲೇ ಹೇಳಬೇಕು. ಎಳ್ಳು, ಸೋಯಾ, ಗೋಧಿಯ ಅಲರ್ಜಿ ಇದ್ದವರೂ ಅಷ್ಟೇ. ಅಡುಗೆ ಶುರುವಾದ ಮೇಲೆ ಹೇಳಿದರೆ ಅವರು ಬದಲಾಯಿಸಲು ಆಗುವುದಿಲ್ಲ.

ಎರಡು ಊಟ ಸೇರಿ ಒಬ್ಬರಿಗೆ ಹನ್ನೆರಡು ಸಾವಿರ ಯೆನ್‌ನಿಂದ ಮೇಲೆ ಲೆಕ್ಕ ಇಟ್ಟುಕೊಳ್ಳಿ. ಗಮನಿಸಿ, ಬೆಲೆ ಕೋಣೆಗಲ್ಲ, ತಲೆಗೆ ಇಷ್ಟು ಅಂತ. ನಾಲ್ಕು ಜನ ಒಂದೇ ಕೋಣೆಯಲ್ಲಿ ಮಲಗಿದರೂ ನಾಲ್ಕು ಜನರ ದುಡ್ಡು ಕೊಡಬೇಕು. ಊಟವಿಲ್ಲದ ಅಗ್ಗದ ಬುಕಿಂಗ್ ಕಂಡರೆ ತೆಗೆದುಕೊಳ್ಳಬೇಡಿ. ಸಂಜೆ ಊರಲ್ಲಿ ತಿನ್ನಲು ಏನೂ ಸಿಗದೆ ಪರದಾಡುತ್ತೀರಿ.

ಹಂತ 3: ಕಾಗದಪತ್ರ ಮತ್ತು ನಗದು

ಭಾರತದ ಪಾಸ್‌ಪೋರ್ಟ್‌ಗೆ ಜಪಾನಿನ ವೀಸಾ ಬೇಕು. ಬೆಂಗಳೂರಿನಿಂದಲೇ ಅರ್ಜಿ ಹಾಕಬಹುದು. ಮೂಲ ಪಾಸ್‌ಪೋರ್ಟ್ ಸದಾ ಕೈಯಲ್ಲಿರಲಿ. ಅಲ್ಲಿ ವಿದೇಶಿಗರು ಅದನ್ನು ಜೊತೆಯಲ್ಲೇ ಇಟ್ಟುಕೊಂಡಿರಬೇಕು ಅನ್ನುವುದು ಕಾನೂನು, ಉಳಿಯುವ ಕಡೆಯೂ ಪ್ರತಿ ತೆಗೆದುಕೊಳ್ಳುತ್ತಾರೆ. ಒಸಾಕಾದ ಹೋಟೆಲ್‌ನಲ್ಲಿ ದೊಡ್ಡ ಸೂಟ್‌ಕೇಸ್ ಬಿಟ್ಟು ಹೋಗುವಾಗ ಪಾಸ್‌ಪೋರ್ಟನ್ನೂ ಅದರಲ್ಲೇ ಬಿಟ್ಟುಬಿಡುವುದು ಬಹಳ ಜನ ಮಾಡುವ ತಪ್ಪು. ಜಪಾನಿನಲ್ಲೇ ಕೆಲಸದಲ್ಲಿರುವವರು ರೆಸಿಡೆನ್ಸ್ ಕಾರ್ಡ್ ಒಯ್ಯಿರಿ.

ನಗದು ಒಸಾಕಾದಲ್ಲೇ ತೆಗೆದುಕೊಳ್ಳಿ. ಕಾರ್ಡ್ ತೆಗೆದುಕೊಳ್ಳದ ದೇಗುಲಗಳು ಈಗಲೂ ಇವೆ. ಬೆಟ್ಟದ ಮೇಲೆ ಅಂಚೆ ಕಚೇರಿಯ ಎಟಿಎಂನಲ್ಲಿ ವಿದೇಶಿ ಕಾರ್ಡ್ ನಡೆಯುತ್ತದೆ, ಆದರೆ ಅದನ್ನೊಂದೇ ನಂಬಿಕೊಂಡು ಹೋಗಬೇಡಿ. ನೂರು ಯೆನ್ ನಾಣ್ಯ ಒಂದು ಹಿಡಿ ಇರಲಿ. ಬಸ್ಸಿಗೆ, ಹುಂಡಿಗೆ, ಊದುಬತ್ತಿಗೆ ಬೇಕಾಗುತ್ತದೆ.

ಹಂತ 4: ಚೀಲದಲ್ಲಿ ಏನಿರಬೇಕು

ಒಂದು ರಾತ್ರಿಗೆ ಬೆನ್ನಿನ ಚೀಲ ಸಾಕು. ದೊಡ್ಡ ಸೂಟ್‌ಕೇಸನ್ನು ಒಸಾಕಾದ ಹೋಟೆಲ್‌ನಲ್ಲೋ ನಾಂಬಾ ನಿಲ್ದಾಣದ ಲಾಕರ್‌ನಲ್ಲೋ ಇಡಿ. ಬೆಟ್ಟ ಹತ್ತುವ ಕೇಬಲ್ ಕಾರ್‌ನ ಒಳಗೆ ನೆಲವೇ ಮೆಟ್ಟಿಲು ಮೆಟ್ಟಿಲಾಗಿ ಇದೆ. ಇಪ್ಪತ್ಮೂರು ಕಿಲೋ ಚೀಲ ಎತ್ತಿಕೊಂಡು ಆ ಮೆಟ್ಟಿಲಲ್ಲಿ ನಿಂತವರ ಮುಖ ನೋಡಿದರೆ ಅಯ್ಯೋ ಅನಿಸುತ್ತದೆ.

ಮುಖ್ಯವಾದದ್ದು ಕಾಲುಚೀಲ. ತೂತಿಲ್ಲದ, ಒಗೆದ, ದಪ್ಪನೆಯ ಎರಡು ಜೊತೆ ಬೇಕು. ದಿನವಿಡೀ ಶೂ ಬಿಚ್ಚಿ ಹಾಕುವುದೇ ಕೆಲಸ. ಲೇಸ್ ಇಲ್ಲದ, ಆದರೆ ಹಿಡಿತ ಇರುವ ಶೂ ಒಳ್ಳೆಯದು. ಬೇಸಿಗೆಯಲ್ಲೂ ಒಂದು ಸ್ವೆಟರ್, ಒಂದು ಕೊಡೆ ಇರಲಿ. ಬೆಳಗಿನ ಪೂಜೆಗೆ ಮಂಡಿ ಮುಚ್ಚುವ ಸಡಿಲ ಬಟ್ಟೆ ಬೇಕು. ಬಿಗಿ ಜೀನ್ಸ್ ಹಾಕಿಕೊಂಡು ಮುಕ್ಕಾಲು ಗಂಟೆ ಚಕ್ಕಳಮಕ್ಕಳ ಕೂರುವುದು ಹಿಂಸೆ. ಚಾರ್ಜರ್‌ಗೆ ಎರಡು ಚಪ್ಪಟೆ ಕಡ್ಡಿಯ ಅಡಾಪ್ಟರ್ ಬೇಕು. ಅಲ್ಲಿ ಕರೆಂಟು 100 ವೋಲ್ಟ್, ಹಾಗಾಗಿ ಮನೆಯಿಂದ ಒಯ್ದ ಬಿಸಿನೀರಿನ ಕೆಟಲ್ ಸರಿಯಾಗಿ ಕಾಯುವುದಿಲ್ಲ.

ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಮಧ್ಯಾಹ್ನದ ಬುತ್ತಿಗೆ ಒಯ್ಯಿರಿ. ದೇಗುಲದ ಊಟದ ಮೇಲೆ ಮಾತ್ರ ಹಾಕಿಕೊಳ್ಳಬೇಡಿ. ಕೋಣೆಯಲ್ಲಿ ಒಗ್ಗರಣೆ ವಾಸನೆಯ ಪೊಟ್ಟಣ ಬಿಚ್ಚಬೇಡಿ. ತತಾಮಿ ಅಂದರೆ ಹುಲ್ಲಿನ ಚಾಪೆಯ ನೆಲ. ಎಣ್ಣೆಯ ಕಲೆ ಅದರಿಂದ ಹೋಗುವುದಿಲ್ಲ.

ಹಂತ 5: ಊಟದಿಂದ ಹಿಂದಕ್ಕೆ ಎಣಿಸಿ, ಹೊರಡುವ ಗಂಟೆ ಗೊತ್ತು ಮಾಡಿ

ಹೆಚ್ಚಿನವರು ಎಡವುವುದು ಇಲ್ಲೇ. ರಾತ್ರಿ ಊಟ ಐದೂವರೆಗೆ ಅಥವಾ ಆರಕ್ಕೆ. ಅದಕ್ಕೂ ಮುಂಚೆ ಕೋಣೆ ತೋರಿಸಬೇಕು, ನೀವು ಸ್ನಾನ ಮಾಡಬೇಕು. ಹಾಗಾಗಿ ನಾಲ್ಕಕ್ಕೆ ದೇಗುಲದಲ್ಲಿರಬೇಕು, ಐದು ದಾಟಲೇಬಾರದು. ಸಾಮಾನ್ಯವಾಗಿ ಮೂರು ಗಂಟೆಯಿಂದ ಒಳಗೆ ಬಿಡುತ್ತಾರೆ. ಮೂರಕ್ಕೇ ತಲುಪುವ ಗುರಿ ಇಟ್ಟುಕೊಳ್ಳಿ.

ಒಸಾಕಾದ ನಾಂಬಾ ನಿಲ್ದಾಣದಿಂದ ದೇಗುಲದ ಬಾಗಿಲಿಗೆ ಎಲ್ಲ ಸೇರಿ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಅಂದರೆ ಹನ್ನೆರಡರೊಳಗೆ ನಾಂಬಾ ಬಿಡಬೇಕು. ಟೋಕಿಯೊದಿಂದ ಬರುವವರು ಶಿಂಕನ್‌ಸೆನ್ ಬುಲೆಟ್ ರೈಲಿನಲ್ಲಿ ಎರಡೂವರೆ ಗಂಟೆ ಕೂತು ಶಿನ್-ಒಸಾಕಾಕ್ಕೆ ಬಂದು, ಅಲ್ಲಿಂದ ಮೆಟ್ರೊದಲ್ಲಿ ನಾಂಬಾಗೆ ಹೋಗಬೇಕು. ಬೆಳಗ್ಗೆ ಎಂಟಕ್ಕೆ ಟೋಕಿಯೊ ಬಿಟ್ಟರೆ ನಿರಾಳ.

ದಾರಿ ಹೀಗಿದೆ. ನಾಂಬಾದಲ್ಲಿ ನಾನ್‌ಕಾಯ್ ಕಂಪನಿಯ ನಿಲ್ದಾಣ ಹುಡುಕಿ. ಕೋಯಾ ಲೈನ್‌ನ ರೈಲು ಹತ್ತಿ, ಕೊನೆಯ ನಿಲ್ದಾಣ ಗೊಕುರಾಕುಬಾಶಿಯಲ್ಲಿ ಇಳಿಯಿರಿ. ಲಿಮಿಟೆಡ್ ಎಕ್ಸ್‌ಪ್ರೆಸ್ ಆದರೆ ಸುಮಾರು 80 ನಿಮಿಷ, ಎಲ್ಲೂ ಬದಲಾಯಿಸಬೇಕಾಗಿಲ್ಲ, ಆದರೆ ಸೀಟಿಗೆ ಬೇರೆ ಟಿಕೆಟ್ ಬೇಕು. ಮಾಮೂಲಿ ಎಕ್ಸ್‌ಪ್ರೆಸ್ ಆದರೆ ಅಗ್ಗ, ಹೆಚ್ಚಿನ ಸಲ ಹಶಿಮೊಟೊದಲ್ಲಿ ಇಳಿದು ಸಣ್ಣ ರೈಲಿಗೆ ಬದಲಾಯಿಸಬೇಕು. ಹಶಿಮೊಟೊ ದಾಟಿದ ಮೇಲೆ ರೈಲು ನಿಧಾನವಾಗಿ ತಿರುವುಗಳಲ್ಲಿ ಕಿರುಗುಟ್ಟುತ್ತಾ ಕಾಡಿನೊಳಗೆ ಹತ್ತುತ್ತದೆ. ಸಕಲೇಶಪುರ ದಾಟಿ ಘಾಟಿಗೆ ಇಳಿಯುವ ರೈಲು ನೋಡಿದವರಿಗೆ ಈ ಭಾಗ ಬಹಳ ಹಿಡಿಸುತ್ತದೆ.

ಗೊಕುರಾಕುಬಾಶಿಯಲ್ಲಿ ನಿಲ್ದಾಣದಿಂದ ಹೊರಗೆ ಹೋಗಬೇಡಿ. ಒಳಗಿನಿಂದಲೇ ಕೇಬಲ್ ಕಾರ್‌ಗೆ ದಾರಿ ಇದೆ. ಐದು ನಿಮಿಷದಲ್ಲಿ ಮೇಲೆ. ಕೊಯಾಸಾನ್ ನಿಲ್ದಾಣದವರೆಗೆ ತೆಗೆದುಕೊಂಡ ಟಿಕೆಟ್‌ನಲ್ಲಿ ಕೇಬಲ್ ಕಾರ್ ಸೇರಿರುತ್ತದೆ. ಇಕೋಕಾ, ಸುಯಿಕಾದಂಥ ಮೊದಲೇ ದುಡ್ಡು ತುಂಬಿಸಿದ ಪ್ರಯಾಣದ ಕಾರ್ಡ್ ನಡೆಯುತ್ತದೆ.

ಎರಡು ಎಚ್ಚರಿಕೆ. ಜೆಆರ್ ಕಂಪನಿಗಳ ರೈಲಿಗೆ ಪ್ರವಾಸಿಗರು ಕೊಳ್ಳುವ ಜೆಆರ್ ಪಾಸ್ ಈ ಲೈನ್‌ನಲ್ಲಿ ನಡೆಯುವುದಿಲ್ಲ, ಇದು ಬೇರೆ ಕಂಪನಿಯ ರೈಲು. ಇನ್ನೊಂದು, ನಾಂಬಾದಲ್ಲಿ ಒಂದೇ ಪ್ಲಾಟ್‌ಫಾರಂಗೆ ಬೇರೆ ಬೇರೆ ರೈಲು ಬರುತ್ತವೆ. ಎಷ್ಟೋ ರೈಲುಗಳು ಹಶಿಮೊಟೊಗೂ ಮುಂಚೆಯೇ ನಿಂತುಬಿಡುತ್ತವೆ. ಬೋರ್ಡಿನಲ್ಲಿ ಕೊನೆಯ ನಿಲ್ದಾಣದ ಹೆಸರು ಓದಿಯೇ ಹತ್ತಿ. ಕಾನ್ಸಾಯ್ ವಿಮಾನ ನಿಲ್ದಾಣದಿಂದ ನೇರ ಬರುವವರು ನಾಂಬಾವರೆಗೆ ಹೋಗಬೇಕಾಗಿಲ್ಲ, ತೆಂಗಾಚಾಯಾದಲ್ಲೇ ಇಳಿದು ಕೋಯಾ ಲೈನ್ ಹಿಡಿಯಬಹುದು. ಆದರೆ ವಿಮಾನ ಇಳಿಯುವುದು ಬೆಳಗ್ಗೆ ಹತ್ತರ ನಂತರವಾದರೆ ಅವತ್ತು ಒಸಾಕಾದಲ್ಲೇ ಉಳಿಯಿರಿ.

ಜೋರು ಮಳೆ ಬಂದರೆ ಈ ಬೆಟ್ಟದ ರೈಲು ನಿಲ್ಲುತ್ತದೆ. ಸೆಪ್ಟೆಂಬರ್‌ನಲ್ಲಿ ಚಂಡಮಾರುತದ ಭಯವೂ ಇದೆ. ಹೊರಡುವ ದಿನ ಬೆಳಗ್ಗೆ ರೈಲು ಕಂಪನಿಯ ಪುಟ ನೋಡಿ. ತಡವಾಗುತ್ತದೆ ಅಂತ ಗೊತ್ತಾದ ಕೂಡಲೇ ದೇಗುಲಕ್ಕೆ ಫೋನ್ ಮಾಡಿ. ಜಪಾನೀಸ್ ಬರದಿದ್ದರೆ ಸ್ಟೇಷನ್ ಸಿಬ್ಬಂದಿಗೆ ಬುಕಿಂಗ್ ಕಾಗದ ತೋರಿಸಿ ಸಹಾಯ ಕೇಳಿ.

ಹಂತ 6: ಮೇಲೆ ತಲುಪಿದ ಮೇಲೆ ನಡೆಯಬೇಡಿ, ಬಸ್ಸು ಹತ್ತಿ

ಕೇಬಲ್ ಕಾರ್ ನಿಲ್ದಾಣದಿಂದ ಊರಿಗೆ ಹೋಗುವ ರಸ್ತೆಯ ಮೊದಲ ಭಾಗ, ನ್ಯೋನಿಂದೊ ಎಂಬ ಜಾಗದವರೆಗೆ, ಬಸ್ಸಿಗೆ ಮಾತ್ರ. ನಡೆಯುವುದಕ್ಕೆ ಬಿಡುವುದಿಲ್ಲ. ಮ್ಯಾಪ್‌ನಲ್ಲಿ ಹತ್ತಿರ ಅಂತ ಕಾಣುತ್ತದೆ, ನಂಬಬೇಡಿ. ಕಿರಿದಾದ ತಿರುವು, ಪಕ್ಕದಲ್ಲಿ ಕಾಲುದಾರಿಯೇ ಇಲ್ಲ.

ಕೇಬಲ್ ಕಾರ್ ಬಂದ ಕೂಡಲೇ ಹೊರಗೆ ಬಸ್ಸುಗಳು ಸಿದ್ಧವಿರುತ್ತವೆ. ನಿಮ್ಮ ದೇಗುಲಕ್ಕೆ ಯಾವ ನಿಲ್ದಾಣ ಹತ್ತಿರ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಊರಿನ ನಡುವಿನ ನಿಲ್ದಾಣ ಸೆಂಜುಇನ್‌ಬಾಶಿ. ಅಲ್ಲಿ ಮಾಹಿತಿ ಕೇಂದ್ರ ಇದೆ, ದಾರಿ ತಪ್ಪಿದವರು ಅಲ್ಲಿ ಇಳಿದು ಕೇಳಬಹುದು.

ಬೇಗ ತಲುಪಿದ್ದರೆ ಚೀಲ ದೇಗುಲದಲ್ಲಿಟ್ಟು ಇಲ್ಲಿನ ಮುಖ್ಯ ದೇಗುಲ ಕೊಂಗೊಬುಜಿಗೂ, ಕೆಂಪು ಬಣ್ಣದ ದೊಡ್ಡ ಗೋಪುರ ಕೊಂಪೊನ್ ದಾಯ್ತೊಗೂ ಹೋಗಿ ಬನ್ನಿ. ಸಂಜೆ ಐದಕ್ಕೆ ಎಲ್ಲ ಮುಚ್ಚುತ್ತದೆ.

ಹಂತ 7: ಬಾಗಿಲು ದಾಟುವಾಗ

ಒಳಗೆ ಕಾಲಿಟ್ಟ ಕೂಡಲೇ ಒಂದು ತಗ್ಗು ಜಾಗ, ಆಮೇಲೆ ಒಂದು ಎತ್ತರದ ಕಟ್ಟೆ. ಶೂ ಬಿಚ್ಚುವುದು ತಗ್ಗಿನಲ್ಲಿ, ಆದರೆ ಬಿಚ್ಚಿದ ಕಾಲು ತಗ್ಗಿನ ನೆಲಕ್ಕೆ ತಾಗಬಾರದು. ಒಂದು ಕಾಲು ಬಿಚ್ಚಿ ಕಟ್ಟೆಯ ಮೇಲಿಡಿ, ಆಮೇಲೆ ಇನ್ನೊಂದು. ಶೂಗಳ ಮೂತಿ ಬಾಗಿಲ ಕಡೆ ತಿರುಗಿಸಿ ಜೋಡಿಸಿ.

ಹಜಾರಕ್ಕೆ ಅವರು ಕೊಟ್ಟ ಚಪ್ಪಲಿ. ತತಾಮಿ ಕೋಣೆಯ ಬಾಗಿಲಲ್ಲಿ ಅದನ್ನೂ ಬಿಡಬೇಕು. ಶೌಚಾಲಯದ ಒಳಗೆ ಬೇರೆಯೇ ಚಪ್ಪಲಿ ಇರುತ್ತದೆ. ಅದನ್ನು ಹಾಕಿಕೊಂಡೇ ಕೋಣೆಗೆ ಬಂದುಬಿಡುವುದು ಎಲ್ಲರಿಗಿಂತ ಜಾಸ್ತಿ ಆಗುವ ತಪ್ಪು. ಬಚ್ಚಲ ಚಪ್ಪಲಿಯಲ್ಲಿ ದೇವರ ಮನೆಗೆ ಬಂದರೆ ನಮ್ಮ ಅಜ್ಜಿಗೆ ಹೇಗಾಗುತ್ತಿತ್ತೋ ಅವರಿಗೂ ಹಾಗೇ ಆಗುತ್ತದೆ.

ಊಟದ ಗಂಟೆ, ಸ್ನಾನದ ಗಂಟೆ, ಪೂಜೆಯ ಗಂಟೆ, ಬಾಗಿಲು ಹಾಕುವ ಗಂಟೆ. ಈ ನಾಲ್ಕನ್ನೂ ಹೇಳುತ್ತಾರೆ ಅಥವಾ ಚೀಟಿ ಕೊಡುತ್ತಾರೆ. ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಕೋಣೆಯ ಗೋಡೆ ಅಂದರೆ ಎಳೆಯುವ ಕಾಗದದ ಬಾಗಿಲು. ಪಕ್ಕದವರು ಪುಟ ತಿರುಗಿಸಿದ ಸದ್ದೂ ಕೇಳುತ್ತದೆ. ಅಲ್ಲಿ ರಾತ್ರಿ ಒಂಬತ್ತು ಅಂದರೆ ನಮ್ಮ ಊರಲ್ಲಿ ಸಂಜೆ ಐದೂವರೆ, ಕಾಫಿ ಕುಡಿದು ಮನೆಯವರು ವಿಡಿಯೊ ಕಾಲ್ ಮಾಡುವ ಹೊತ್ತು. ಅವತ್ತು ಕಾಲ್ ಬೇಡ ಅಂತ ಮೊದಲೇ ಹೇಳಿಬಿಡಿ. ಚಳಿಗಾಲದಲ್ಲಿ ಕೋಣೆಗೆ ಸೀಮೆಎಣ್ಣೆಯ ಹೀಟರ್ ಕೊಟ್ಟಿದ್ದರೆ ಮಲಗುವ ಮುಂಚೆ ಆರಿಸಲೇಬೇಕು. ತಲೆನೋವು, ವಾಕರಿಕೆ ಶುರುವಾದರೆ ಕೂಡಲೇ ಕಿಟಕಿ ತೆಗೆದು ಹೊರಗೆ ಬನ್ನಿ.

ಹಂತ 8: ಸ್ನಾನ

ಸ್ನಾನದ ಮನೆ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಆದರೆ ಒಳಗೆ ಎಲ್ಲರೂ ಒಟ್ಟಿಗೆ, ಮೈಮೇಲೆ ಬಟ್ಟೆ ಇಲ್ಲದೆ. ನಮ್ಮವರಿಗೆ ಇದು ಕಷ್ಟ, ಗೊತ್ತು. ಚಡ್ಡಿ ಹಾಕಿಕೊಂಡು ನೀರಿಗೆ ಇಳಿಯುವುದು ಪರಿಹಾರ ಅಲ್ಲ, ಅದಕ್ಕೆ ಅಲ್ಲಿ ಬಿಡುವುದಿಲ್ಲ. ಎಲ್ಲರೂ ಊಟಕ್ಕೆ ಮುಂಚೆ ಹೋಗುತ್ತಾರೆ. ಮುಜುಗರ ಆಗುವುದಾದರೆ ನೀವು ಮಾತ್ರ ಊಟ ಆದ ಮೇಲೆ, ಮುಚ್ಚುವುದಕ್ಕೆ ಅರ್ಧ ಗಂಟೆ ಮುಂಚೆ ಹೋಗಿ. ಹೆಚ್ಚಿನ ದಿನ ಒಬ್ಬರೇ ಇರುತ್ತೀರಿ.

ಮೊದಲು ಸಣ್ಣ ಸ್ಟೂಲ್ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಳ್ಳಿ. ಒಂದು ಚೂರೂ ನೊರೆ ಉಳಿಯಬಾರದು. ಆಮೇಲೆ ತೊಟ್ಟಿಗೆ ಇಳಿಯಿರಿ. ತೊಟ್ಟಿಯ ನೀರು ಎಲ್ಲರಿಗೂ ಒಂದೇ. ಅದರಲ್ಲಿ ಸೋಪು ಇಲ್ಲ, ಟವಲ್ ಅದ್ದುವುದಿಲ್ಲ, ಕೊನೆಗೆ ನೀರು ಬಿಡುವುದೂ ಇಲ್ಲ. ನೀರು ಬಹಳ ಬಿಸಿ. ಬಿಪಿ ಇದ್ದವರು ನಾಲ್ಕೈದು ನಿಮಿಷಕ್ಕಿಂತ ಜಾಸ್ತಿ ಕೂರಬೇಡಿ. ಏಳುವಾಗ ತಲೆ ತಿರುಗಿದರೆ ಅಂಚು ಹಿಡಿದು ನಿಧಾನಕ್ಕೆ ಏಳಿ.

ಆಮೇಲೆ ಹಾಕಿಕೊಳ್ಳಲು ಯುಕಾತಾ ಎಂಬ ಹತ್ತಿಯ ನಿಲುವಂಗಿ ಕೊಟ್ಟಿರುತ್ತಾರೆ. ಎಡಗಡೆಯ ಮಡಿಕೆ ಮೇಲೆ ಬರಬೇಕು. ಬಲಗಡೆ ಮೇಲೆ ಬಂದರೆ ಅದು ತೀರಿಕೊಂಡವರಿಗೆ ಹಾಕುವ ರೀತಿ.

ಹಂತ 9: ಊಟ

ಕಾಲಿರುವ ಸಣ್ಣ ಮಣೆಯಂಥ ತಟ್ಟೆಗಳಲ್ಲಿ ಎಲ್ಲ ಒಟ್ಟಿಗೆ ಬರುತ್ತದೆ. ಒಂದೊಂದು ಬಟ್ಟಲಲ್ಲೂ ಎರಡೋ ಮೂರೋ ತುತ್ತು. ಗೊಮಾದೋಫು ಅಂತ ಒಂದು ಇರುತ್ತದೆ. ಎಳ್ಳಿನ ಹಾಲಿಗೆ ಒಂದು ಬಗೆಯ ಗೆಡ್ಡೆಯ ಹಿಟ್ಟು ಹಾಕಿ ಕಾಯಿಸಿ ಆರಿಸಿದ್ದು, ನಮ್ಮ ಹಾಲುಬಾಯಿಯ ಹಾಗೆ ಬಟ್ಟಲಲ್ಲಿ ನಡುಗುತ್ತದೆ, ಸಿಹಿ ಇಲ್ಲ ಅಷ್ಟೇ. ಕೋಯಾದೋಫು ಒಣಗಿಸಿದ ತೋಫು. ಸ್ಪಂಜಿನ ಹಾಗೆ ರಸ ಕುಡಿದಿರುತ್ತದೆ, ಕಚ್ಚಿದರೆ ಬಾಯಿತುಂಬ ಸಾರು. ಖಾರ ಎಲ್ಲೂ ಇಲ್ಲ. ಹಸಿರು ಉಂಡೆ ಕಂಡರೆ ಚಟ್ನಿ ಅಂತ ಪೂರ್ತಿ ಬಾಯಿಗೆ ಹಾಕಬೇಡಿ, ಅದು ವಾಸಾಬಿ. ಮೂಗಿಗೆ ಏರುತ್ತದೆ.

ಅನ್ನದ ಬಟ್ಟಲನ್ನು ಕೈಯಲ್ಲಿ ಎತ್ತಿಕೊಂಡು ತಿನ್ನಿ. ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ಹಾಗೆ ಇಡುವುದು ಸತ್ತವರಿಗೆ. ನಮ್ಮಲ್ಲಿ ಪಿಂಡಕ್ಕಿರುವ ಭಾವನೆಯೇ ಅಲ್ಲಿ ಅದಕ್ಕಿದೆ. ಅನ್ನ ಇನ್ನೊಮ್ಮೆ ಹಾಕಿಕೊಳ್ಳಬಹುದು, ಹಾಕಿಕೊಂಡದ್ದನ್ನು ಬಿಡಬೇಡಿ. ಉಳಿಸಿದ್ದನ್ನು ಆ ಸನ್ಯಾಸಿಗಳೇ ತೆಗೆದುಕೊಂಡು ಹೋಗುತ್ತಾರೆ, ನೋಡಿದರೆ ನಮಗೇ ಕಸಿವಿಸಿ ಆಗುತ್ತದೆ.

ಊಟ ಆಗುವಷ್ಟರಲ್ಲಿ ಕೋಣೆಯಲ್ಲಿ ಹಾಸಿಗೆ ಹಾಸಿರುತ್ತಾರೆ. ಎಂಟೂವರೆಗೆ ಮಲಗಿ. ನಿದ್ದೆ ಬರದಿದ್ದರೂ ಮಲಗಿ.

ಹಂತ 10: ಬೆಳಗಿನ ಪೂಜೆ

ಪೂಜೆ ಆರಕ್ಕೆ ಅಥವಾ ಆರೂವರೆಗೆ. ಅಲಾರಾಂ ಐದೂಕಾಲಿಗೆ ಇಡಿ, ಕಂಪನದಲ್ಲಿ ಇಡಿ. ಹತ್ತು ನಿಮಿಷ ಮುಂಚೆ ಪೂಜಾ ಸಭಾಂಗಣದಲ್ಲಿರಿ. ಯುಕಾತಾದಲ್ಲಿ ಹೋಗಬೇಡಿ, ಅದು ಮಲಗುವ ಬಟ್ಟೆ. ಒಳಗೆ ಫೋಟೊ ತೆಗೆಯುವುದಿಲ್ಲ. ತೆಗೆಯಬಹುದು ಅಂತ ಅವರೇ ಹೇಳಿದರೆ ಮಾತ್ರ ತೆಗೆಯಿರಿ.

ಚಕ್ಕಳಮಕ್ಕಳ ಹಾಕಿ ಕೂತರೆ ತಪ್ಪಿಲ್ಲ. ಅದು ನಮಗೆ ರೂಢಿ ಇದೆ, ಬೇರೆ ದೇಶದವರು ಒದ್ದಾಡುತ್ತಾರೆ. ಕಾಲು ಚಾಚಿ ದೇವರ ಕಡೆ ಪಾದ ತೋರಿಸಬೇಡಿ ಅಂತ ನಮಗೆ ಹೇಳಬೇಕಾಗಿಲ್ಲ. ಹಿರಿಯರಿಗೆ ಸಣ್ಣ ಸ್ಟೂಲ್ ಕೇಳಿದರೆ ಕೊಡುತ್ತಾರೆ.

ಮುಂದೆ ಕತ್ತಲು, ಚಿನ್ನದ ಬಣ್ಣದ ದೀಪಗಳು, ತಗ್ಗಿದ ದನಿಯ ಮಂತ್ರ. ಸ್ವಲ್ಪ ಕಿವಿಗೊಟ್ಟು ಕೇಳಿ. ಪ್ರಜ್ಞಾಪಾರಮಿತಾ ಹೃದಯ ಸೂತ್ರ ಹೇಳುವಾಗ ಕೊನೆಗೆ "ಗ್ಯಾತೇ ಗ್ಯಾತೇ ಹಾರಾಗ್ಯಾತೇ" ಅಂತ ಬರುತ್ತದೆ. ಅದು "ಗತೇ ಗತೇ ಪಾರಗತೇ". ಕೊನೆಯ "ಸೊವಾಕಾ" ನಮ್ಮ ಸ್ವಾಹಾ. ನನಗೆ ಅದು ಹೊಳೆದಾಗ ಮೈ ಜುಮ್ ಅಂದಿತು. ಕೆಲವು ದೇಗುಲಗಳಲ್ಲಿ ಪೂಜೆ ಆದ ಮೇಲೆ ಬೆಂಕಿಯ ಮುಂದೆ ಕೂತು ಕಟ್ಟಿಗೆ ಹಾಕುವ ಗೊಮಾ ಇರುತ್ತದೆ. ಹೆಸರು ಬಂದದ್ದು ಹೋಮದಿಂದಲೇ. ಅದು ಬೇಕು ಅಂದರೆ ಬುಕ್ ಮಾಡುವಾಗಲೇ ಅದಿರುವ ದೇಗುಲ ಆರಿಸಿ.

ನಡುವೆ ಒಬ್ಬೊಬ್ಬರನ್ನೇ ಧೂಪ ಹಾಕಲು ಕರೆಯುತ್ತಾರೆ. ಮೂರು ಬೆರಳಲ್ಲಿ ಚಿಟಿಕೆ ಪುಡಿ ತೆಗೆದು, ಹಣೆಯ ಹತ್ತಿರ ತಂದು, ಕೆಂಡದ ಮೇಲೆ ಉದುರಿಸುವುದು. ಎಷ್ಟು ಸಲ ಅನ್ನುವುದನ್ನು ಮುಂದಿನವರನ್ನು ನೋಡಿ ಮಾಡಿ. ಆಮೇಲೆ ಕೈ ಮುಗಿಯಿರಿ. ಚಪ್ಪಾಳೆ ತಟ್ಟುವುದು ಜಪಾನಿನ ಮೂಲ ಧರ್ಮವಾದ ಶಿಂತೊದ ಗುಡಿಗಳಲ್ಲಿ, ಇಲ್ಲಿ ಅಲ್ಲ.

ಸಮಯ ಇದ್ದರೆ ಅಜಿಕಾನ್ ಧ್ಯಾನ ಎಲ್ಲಿ ಕಲಿಸುತ್ತಾರೆ ಅಂತ ವಿಚಾರಿಸಿ. ಗೋಡೆಗೆ ತೂಗುಹಾಕಿದ ಒಂದೇ ಒಂದು ಅಕ್ಷರ ನೋಡುತ್ತಾ ಉಸಿರಾಡುವುದು. ಆ ಅಕ್ಷರ ಸಂಸ್ಕೃತ ಬರೆಯುವ ಹಳೆಯ ಸಿದ್ಧಂ ಲಿಪಿಯ "ಅ". ಸ್ಲೇಟಿನ ಮೇಲೆ ನಾವು ಮೊದಲು ತಿದ್ದಿದ ಅಕ್ಷರವೇ.

ಹಂತ 11: ಓಕುನೊಇನ್‌ಗೆ ಹತ್ತೂವರೆಯ ಒಳಗೆ

ಏಳಕ್ಕೋ ಏಳೂವರೆಗೋ ತಿಂಡಿ. ಒಂಬತ್ತರ ಹೊತ್ತಿಗೆ ಕೋಣೆ ಬಿಟ್ಟು, ಚೀಲ ದೇಗುಲದಲ್ಲೇ ಇಡಲು ಕೇಳಿ. ಈಗ ಓಕುನೊಇನ್‌ಗೆ ಹೋಗಬೇಕು. ಕೂಕಾಯ್ 835ರಿಂದ ಅಲ್ಲಿ ಧ್ಯಾನದಲ್ಲೇ ಇದ್ದಾರೆ ಅಂತ ನಂಬಿಕೆ. ಅವರಿಗೆ ದಿನಕ್ಕೆ ಎರಡು ಸಲ, ಬೆಳಗ್ಗೆ ಆರಕ್ಕೆ ಮತ್ತು ಹತ್ತೂವರೆಗೆ, ಊಟ ಒಯ್ಯುತ್ತಾರೆ. ಹತ್ತೂವರೆಯದು ನಿಮಗೆ ಸಿಗುತ್ತದೆ.

ಇಚಿನೊಹಾಶಿ ಎಂಬ ಮೊದಲ ಸೇತುವೆಯಿಂದ ಶುರುಮಾಡಿ. ಅಲ್ಲಿಂದ ಸುಮಾರು ಎರಡು ಕಿಲೋಮೀಟರ್. ಬಸ್ಸಿನಲ್ಲಿ ಓಕುನೊಇನ್-ಮಾಯೆ ನಿಲ್ದಾಣಕ್ಕೆ ಹೋದರೆ ದಾರಿ ಅರ್ಧ ಆಗುತ್ತದೆ, ಆದರೆ ಹಳೆಯ ದಾರಿಯ ಚಂದ ತಪ್ಪುತ್ತದೆ. ಮಂಡಿನೋವು ಇದ್ದವರಿಗೆ ಮಾತ್ರ ಅದು. ದಾರಿಯ ಎರಡೂ ಕಡೆ ನೂರಾರು ವರ್ಷದ ದೇವದಾರುಗಳು, ನಡುವೆ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳು. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಹಾಸುಗಲ್ಲು ಬಿಟ್ಟು ಇಳಿಯಬೇಡಿ. ಐದು ಕಲ್ಲು ಒಂದರ ಮೇಲೊಂದು ಇಟ್ಟ ಸ್ತಂಭಗಳನ್ನು ಹತ್ತಿರ ಹೋಗಿ ನೋಡಿ. ಒಂದೊಂದು ಕಲ್ಲಿಗೂ ಒಂದು ಅಕ್ಷರ ಕೊರೆದಿರುತ್ತದೆ. ಕೆಳಗಿನಿಂದ ಮೇಲಕ್ಕೆ ಅ, ವ, ರ, ಹ, ಖ. ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ.

ಮೂರನೆಯ ಸೇತುವೆ ಗೊಬ್ಯೊಬಾಶಿ. ಅದರ ಮುಂಚೆ ನೀರಿನ ಪಕ್ಕ ಸಾಲಾಗಿ ಮೂರ್ತಿಗಳಿವೆ. ತೀರಿಕೊಂಡವರನ್ನು ನೆನೆದು ಸೌಟಿನಲ್ಲಿ ನೀರು ಎರೆಯುತ್ತಾರೆ. ನಾವೂ ಎರೆಯಬಹುದು. ಸೇತುವೆಗೆ ಕಾಲಿಡುವ ಮುಂಚೆ ಟೋಪಿ ತೆಗೆಯಿರಿ, ತಲೆಬಾಗಿ, ಫೋನ್ ಒಳಗಿಡಿ. ಇಲ್ಲಿಂದ ಮುಂದೆ ಫೋಟೊ ಇಲ್ಲ, ವಿಡಿಯೊ ಇಲ್ಲ, ತಿನ್ನುವುದು ಕುಡಿಯುವುದು ಇಲ್ಲ. ಫೋನ್ ಕೈಯಲ್ಲಿ ಹಿಡಿದುಕೊಂಡು ನಡೆದರೂ ಅನುಮಾನದಿಂದ ನೋಡುತ್ತಾರೆ.

ಹತ್ತೂಕಾಲಿಗೇ ಸೇತುವೆಯ ಹತ್ತಿರ ದಾರಿಯ ಒಂದು ಬದಿಗೆ ನಿಂತಿರಿ. ಹಳದಿ ಬಟ್ಟೆಯ ಇಬ್ಬರು ಸನ್ಯಾಸಿಗಳು ಬಿಳಿ ಮರದ ಪೆಟ್ಟಿಗೆ ಹೆಗಲ ಮೇಲೆ ಹೊತ್ತು ಬರುತ್ತಾರೆ. ಬಾಯಿಗೆ ಬಿಳಿ ಬಟ್ಟೆ ಕಟ್ಟಿರುತ್ತದೆ, ಉಸಿರು ಊಟಕ್ಕೆ ತಾಗಬಾರದಲ್ವಾ. ಅವರ ಮುಂದೆ ಒಬ್ಬ ಹಿರಿಯರು. ಜಲ್ಲಿಯ ಮೇಲೆ ಅವರ ಹೆಜ್ಜೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ದಾರಿಗೆ ಅಡ್ಡ ಬರಬೇಡಿ, ಹಿಂದೆ ಓಡಬೇಡಿ. ಅವರು ಸೇತುವೆ ದಾಟಿದ ಮೇಲೆ ನಿಧಾನವಾಗಿ ದಾಟಿ, ದೀಪಗಳ ಮಂಟಪ ನೋಡಿ, ಅದರ ಹಿಂದೆ ಸಮಾಧಿಯ ಮುಂದೆ ಕೈ ಮುಗಿದು ಬನ್ನಿ.

ಹಂತ 12: ಇಳಿಯುವುದು

ಚೀಲ ತೆಗೆದುಕೊಂಡು, ಬಿಲ್ ಕೊಡುವುದಿದ್ದರೆ ಕೊಟ್ಟು, ರೈಲಿನ ಹೊತ್ತಿಗೆ ನಲವತ್ತು ನಿಮಿಷ ಮುಂಚೆ ಬಸ್ ನಿಲ್ದಾಣದಲ್ಲಿರಿ. ರಜಾದಿನ ಆದರೆ ಒಂದು ಗಂಟೆ ಮುಂಚೆ. ಮಧ್ಯಾಹ್ನದ ಬಸ್ಸು ತುಂಬಿ ಬರುತ್ತದೆ, ನಡುವಿನ ನಿಲ್ದಾಣಗಳಲ್ಲಿ ಹತ್ತಲು ಜಾಗ ಇರುವುದಿಲ್ಲ. ಇಳಿಯುವಾಗ ಲಿಮಿಟೆಡ್ ಎಕ್ಸ್‌ಪ್ರೆಸ್ ಸೀಟು ಬೇಕಿದ್ದರೆ ಹಿಂದಿನ ದಿನವೇ ತೆಗೆದಿಟ್ಟುಕೊಳ್ಳಿ. ದೇಗುಲ ಬಿಡುವ ಮುಂಚೆ ಕೋಣೆಯ ಕೀ ವಾಪಸ್ ಕೊಟ್ಟಿದ್ದೀರಾ, ಶೂ ನಿಮ್ಮದೇ ಹಾಕಿಕೊಂಡಿದ್ದೀರಾ ಅಂತ ಒಮ್ಮೆ ನೋಡಿಕೊಳ್ಳಿ. ಬಾಗಿಲಲ್ಲಿ ಸನ್ಯಾಸಿ ಬಂದು ತಲೆಬಾಗುತ್ತಾರೆ, ನೀವು ತಿರುವು ದಾಟುವವರೆಗೂ ಆ ಜಾಗದಲ್ಲೇ ನಿಂತಿರುತ್ತಾರೆ. ಒಂದು ಸಲ ಹಿಂದೆ ತಿರುಗಿ ಕೈ ಮುಗಿಯಿರಿ.